ಜಮಾರಿ ಫೋನ್ ಎತ್ತದ ಶನಿವಾರ

ರಜೆಯ ದಿನ ಬೆಳಿಗ್ಗೆ ಫೋನ್ ಬಡಿದುಕೊಂಡರೆ ಅಲೊಂಜೊ ಪಿಂಕ್ನಿಯವರ ಎದೆ ಧಸಕ್ಕೆನ್ನುತ್ತಿತ್ತು. ಹೆಂಡತಿ ವರ್ಡೆಲ್‌ಗೆ ಇದು ಚೆನ್ನಾಗಿ ಗೊತ್ತು.

"ಎತ್ರೀ, ಹಾಗೆ ದಿಟ್ಟಿಸ್ತಾ ಕೂತ್ರೆ ಅದೇನು ತಾನಾಗೇ ಸುಮ್ಮನಾಗುತ್ತಾ?" ಎಂದು ಅವಳು ತಟ್ಟೆಗೆ ಹುರಿದ ಮೀನು ಬಡಿಸುತ್ತಾ ಗದರಿದಳು.

ಪಿಂಕ್ನಿ ಅಮೆರಿಕದ ಕೊಲಂಬಿಯಾ ನಗರದ ಒಂದು ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಅದು ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಸಂಘಕ್ಕೆ ಮೀಸಲು. ಕಪ್ಪುಜನರಾದ ನಮ್ಮ ಅಜ್ಜಂದಿರು ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದಾಗ, ಒಬ್ಬರಿಗೊಬ್ಬರು ಆಸರೆಯಾಗಲೆಂದು ಕಟ್ಟಿಕೊಂಡ ಸಂಘ ಅದು. ಸೌತ್ ಕೆರೊಲೈನಾ ರಾಜ್ಯದ ಕಾಲೇಜುಗಳಲ್ಲಿರುವ ಅದರ ಶಾಖೆಗಳಿಗೆಲ್ಲ ಅವರೇ ವಲಯಾಧಿಕಾರಿ. ಸಂಬಳವಿಲ್ಲ. ಎರಡು ಶಾಖೆಗಳು ಕಿತ್ತಾಡಿದರೆ ರಾಜಿ ಮಾಡಿಸುವುದು, ಅಂಕ ಕಡಿಮೆಯಾದ ಹುಡುಗನಿಗೆ ಪಾಠ ಹೇಳುವವರನ್ನು ಹುಡುಕುವುದು, ಅಪ್ಪ ತೀರಿಕೊಂಡವನ ಮನೆಗೆ ಊಟದ ಪಾತ್ರೆ ಹೊತ್ತು ಹೋಗುವುದು, ಎಲ್ಲ ಅವರ ಪಾಲಿನದು. ಆದರೆ ಪ್ರತಿ ವಸಂತದಲ್ಲೂ, ಹೊಸಬರನ್ನು ಸೇರಿಸಿಕೊಳ್ಳುವ ವಾರಗಳಲ್ಲಿ, ಅವರಿಗೆ ಅನ್ನ ನೀರು ಸೇರುತ್ತಿರಲಿಲ್ಲ. ರ‍್ಯಾಗಿಂಗ್ ಮಾಡಿದರೆ ಶಾಖೆಯನ್ನೇ ಮುಚ್ಚುತ್ತೇವೆಂದು ಸಂಘ ಎಷ್ಟು ಹೇಳಿದರೂ ಅದು ಬಾಗಿಲ ಹಿಂದೆ ನಡೆದೇ ಇತ್ತು.

ಫೋನಿನಲ್ಲಿ ಹೆಣ್ಣುದನಿ. "ಪಿಂಕ್ನಿಯವರಾ? ನಾನು ರೋಂಡಾ ಫ್ರೇಜರ್ ಅಂತ, ಜಮಾರಿ ತಾಯಿ. ನನ್ನ ಮಗ ಬೆಥನಿ ಕಾಲೇಜಲ್ಲಿ ನಿಮ್ಮ ಸಂಘಕ್ಕೆ ಸೇರ್ತಿದಾನೆ. ಫೋನ್ ಎತ್ತೋದೇ ಬಿಟ್ಟಿದಾನೆ ಸಾರ್. ಮೆಸೇಜ್ ಮಾತ್ರ ಬರುತ್ತೆ, ಚೆನ್ನಾಗಿದೀನಿ ಅಂತ."

"ಚೆನ್ನಾಗಿದೀನಿ ಅಂದಿದಾನಲ್ಲಮ್ಮ?"

"ಅದೇ ಸಾರ್ ನಂಗೆ ಭಯ. ನನ್ನ ಮಗ ಯಾವತ್ತೂ ಚೆನ್ನಾಗಿದೀನಿ ಅನ್ನೋನಲ್ಲ. ಊಟ ಸಪ್ಪೆ, ಹಾಸಿಗೆ ಗಟ್ಟಿ, ಏನಾದ್ರೂ ಗೊಣಗ್ತಾನೆ. ಗೊಣಗದೆ ಇದಾನೆ ಅಂದ್ರೆ ಏನೋ ಆಗಿದೆ."

ಪಿಂಕ್ನಿ ತಟ್ಟೆ ಸರಿಸಿ ಎದ್ದರು. ಬೆಥನಿಯ ಶಾಖೆಯೆಂದರೆ ಅವರು ಸ್ವತಃ ಸೇರಿದ ಶಾಖೆ.

ದಾರಿಯಲ್ಲಿ ಶಾಖೆಯ ಅಧ್ಯಕ್ಷ ಡೆವಾಂಟೆಗೆ ಫೋನ್ ಮಾಡಿದರು. "ಎಲ್ಲ ಸರಿಯಾಗಿದೆ ಅಣ್ಣಾ" ಎಂದ ಅವನು, ಪ್ರಶ್ನೆ ಮುಗಿಯುವ ಮೊದಲೇ. ಅದು ಅವರಿಗೆ ಹಿಡಿಸಲಿಲ್ಲ. ಶಾಖೆಯ ಹಿರಿಯ ಸಲಹೆಗಾರ ಕ್ಲೀವ್ ಸ್ಮಾಲ್ಸ್‌ಗೆ ಮಾಡಿದರು. ಕ್ಲೀವ್ ಅವರ ಜೊತೆಗೇ ಸಂಘಕ್ಕೆ ಸೇರಿದವನು, ಮದುವೆಯಲ್ಲಿ ಪಕ್ಕ ನಿಂತವನು.

"ಏ ಲೋನಿ, ಯಾವಳೋ ತಾಯಿ ಗಾಬರಿಬಿದ್ಲು ಅಂತ ಗಾಡಿ ಹತ್ತಿಬಿಟ್ಯಾ? ನಮ್ಮನ್ನೇನು ಹೂವಿನ ಹಾಸಿಗೆ ಮೇಲೆ ಸೇರಿಸಿಕೊಂಡಿದ್ರಾ?" ಎಂದು ಕ್ಲೀವ್ ನಕ್ಕ.

"ಅದು ನೆನಪಿರೋದಕ್ಕೇ ಹೊರಟಿದೀನಿ ಕಣೋ."

ಹೆದ್ದಾರಿಯ ಎರಡೂ ಬದಿಯ ಪೈನ್ ಮರಗಳು ಮುಗಿಯುತ್ತಲೇ ಇರಲಿಲ್ಲ. ಹುಡುಗ ಸುಮ್ಮನೆ ಮಲಗಿರಬಹುದು, ಯಾವಳೋ ಹುಡುಗಿಯ ಜೊತೆಗಿರಬಹುದು ಎಂದು ತಮಗೆ ತಾವೇ ಹೇಳಿಕೊಂಡರು. ನಂಬಿಕೆ ಬರಲಿಲ್ಲ.

ಹಿರಿಯ ಹುಡುಗರು ಬಾಡಿಗೆಗಿದ್ದ ಮನೆಯ ಬಾಗಿಲನ್ನು ಡೆವಾಂಟೆ ಅರ್ಧ ಮಾತ್ರ ತೆರೆದ.

"ಜಮಾರಿ ಎಲ್ಲಪ್ಪ?"

"ಲೈಬ್ರರಿಗೆ ಹೋಗಿರ್ಬೇಕು ಅಣ್ಣಾ."

"ಡೆವಾಂಟೆ, ನಿನ್ನ ಬೈಯೋಕೆ ಬಂದಿಲ್ಲ. ಆ ಹುಡುಗನ ಕೈಲಿ ನಡೆಯೋಕಾಗುತ್ತಾ ಇಲ್ವಾ, ಅಷ್ಟು ಹೇಳು."

ಡೆವಾಂಟೆಯ ಕಣ್ಣು ಹಿಂದಿನ ಕೋಣೆಯ ಕಡೆ ಹೋಯಿತು. ಪಿಂಕ್ನಿ ಅವನನ್ನು ಸರಿಸಿ ಒಳಗೆ ನಡೆದರು.

ಜಮಾರಿ ನೆಲದ ಹಾಸಿಗೆಯ ಮೇಲಿದ್ದ. ಹಿರಿಯರು ಬಂದರೆಂದು ಎದ್ದು ನಿಲ್ಲಲು ಹೋಗಿ, ಗೋಡೆ ಹಿಡಿದು, ಮತ್ತೆ ಕುಸಿದ. ತೊಡೆಗಳು ಬಾತು ಚಡ್ಡಿ ಬಿಗಿದಿತ್ತು.

"ಎಷ್ಟು ಬಸ್ಕಿ ಹೊಡೆಸಿದ್ರು ಮಗನೇ?"

"ಯಾರೂ ಹೊಡೆಸಿಲ್ಲ ಸಾರ್."

"ಸರಿ, ಹೊಡೆಸಿಲ್ಲ. ಉಚ್ಚೆ ಯಾವ ಬಣ್ಣಕ್ಕೆ ಬರ್ತಿದೆ?"

ಹುಡುಗ ನಾಚಿಕೊಂಡ. ಡೆವಾಂಟೆಯ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಕೋಲಾ ಥರ ಸಾರ್. ನಿನ್ನೆಯಿಂದ ಸರಿಯಾಗಿ ಬರ್ತಾನೂ ಇಲ್ಲ" ಎಂದ.

ಇದೇನೆಂದು ಪಿಂಕ್ನಿಯವರಿಗೆ ಗೊತ್ತಿತ್ತು. ಅತಿಯಾಗಿ ಮೈ ದಂಡಿಸಿದರೆ ಮಾಂಸಖಂಡ ಒಡೆದು ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ. "ಎತ್ತೋ ಇವನ್ನ!" ಎಂದು ಕೂಗಿದರು. ಡೆವಾಂಟೆ ಹುಡುಗನನ್ನು ಬೆನ್ನ ಮೇಲೆ ಹೊತ್ತು ಕಾರಿನವರೆಗೆ ಓಡಿದ. "ಬೇಕಂತ ಮಾಡಿಲ್ಲ ಅಣ್ಣಾ, ನಮಗೂ ಹೀಗೇ ಮಾಡಿದ್ರು" ಎಂದು ದಾರಿಯುದ್ದಕ್ಕೂ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಕೂಡಲೇ ಡಯಾಲಿಸಿಸ್‌ಗೆ ಹಾಕಿದರು. ಬದುಕುತ್ತಾನಾ ಎಂದು ಕೇಳಿದರೆ ಡಾಕ್ಟರಮ್ಮ, "ಈಗಲೇ ಏನೂ ಹೇಳಲ್ಲ" ಎಂದುಬಿಟ್ಟಳು. ಪಿಂಕ್ನಿ ಮೊದಲು ರೋಂಡಾಗೆ ತಿಳಿಸಿದರು. ನಂತರ ಕಾಲೇಜಿಗೆ, ಸಂಘದ ಕೇಂದ್ರ ಕಚೇರಿಗೆ ತಿಳಿಸಲು ನಂಬರು ಒತ್ತುವಷ್ಟರಲ್ಲಿ ಕ್ಲೀವ್ ಏದುಸಿರು ಬಿಡುತ್ತಾ ಬಂದು ಅವರ ಕೈ ಹಿಡಿದ.

"ಊರಿಗೆಲ್ಲ ಡಂಗುರ ಹೊಡೀಬೇಡ ಲೋನಿ. ನಮ್ಮ ನಮ್ಮಲ್ಲೇ ನೋಡ್ಕೊಳ್ಳೋಣ. ಶಾಖೆ ಮುಚ್ಚಿಬಿಡ್ತಾರೆ ಕಣೋ! ನಿಮ್ಮಪ್ಪ ಸೇರಿದ ಶಾಖೆ!"

"ಗೊತ್ತು."

"ಗೊತ್ತಿದ್ದೂ?"

ಪಿಂಕ್ನಿ ಕೈ ಬಿಡಿಸಿಕೊಂಡು ಎರಡೂ ಕಡೆಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದರು. ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರೆಲ್ಲ ಈ ಶಾಖೆಯವರೇ.

ರೋಂಡಾ ಕೋಳಿ ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿ ಬಂದಳು. ಗಾಜಿನಾಚೆ ಮಗನನ್ನು ನೋಡಿ, ತಿರುಗಿ ಕೇಳಿದಳು. "ಇದು ನಿಮ್ಮ ಸಂಘಾನಾ?"

"ಹೌದಮ್ಮ, ನಂದೇ."

ಅವಳು ಮತ್ತೆ ಗಾಜಿನ ಕಡೆಗೇ ತಿರುಗಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವರಿಗೆ.

ಮಾರನೆಯ ವಾರ ಮೂತ್ರಪಿಂಡಗಳು ನಿಧಾನಕ್ಕೆ ಚೇತರಿಸಿಕೊಂಡವು. ಡೆವಾಂಟೆಯನ್ನು ಕಾಲೇಜಿನಿಂದ ತೆಗೆದರು. ಶಾಖೆಗೆ ಬೀಗ ಬಿತ್ತು. ಕ್ಲೀವ್ ಮಾತು ಬಿಟ್ಟ. ಚರ್ಚಿನಲ್ಲಿ ಎದುರಾದರೂ ಬೇರೆ ಸಾಲಿಗೆ ಹೋಗಿ ಕೂರುತ್ತಿದ್ದ. ಪಿಂಕ್ನಿ ಉಳಿದ ಶಾಖೆಗಳಿಗೆ ಹೇಳದೆ ಕೇಳದೆ ಹೋಗಿ ಹುಡುಗರನ್ನು ನೋಡಿಬರತೊಡಗಿದರು.

ಶರತ್ಕಾಲದಲ್ಲಿ ಹಳೆಯ ವಿದ್ಯಾರ್ಥಿಗಳು ಸೇರುವ ಹೋಮ್‌ಕಮಿಂಗ್ ಹಬ್ಬಕ್ಕೆ ಬೆಥನಿಗೆ ಹೋದರು. ಎಲ್ಲ ಸಂಘಗಳ ಹುಡುಗರು ಕಾಲು ಬಡಿದು ಕುಣಿಯುತ್ತಿದ್ದರು. ಅವರ ಸಂಘದ ಜಾಗವೊಂದೇ ಖಾಲಿ. ಅಲ್ಲಿಗೇ ಜಮಾರಿ ತಾಯಿಯ ಜೊತೆ ಬಂದ. ಸ್ವಲ್ಪ ಬಡಕಲಾಗಿದ್ದ.

"ಸಾರ್, ಶಾಖೆ ಮತ್ತೆ ಯಾವಾಗ ತೆರೀತಾರೆ? ನಾನು ಸೇರ್ಬೇಕು."

"ಕೇಳಿದ್ರಾ ಇವನ ಮಾತು!" ರೋಂಡಾ ಹಣೆ ಚಚ್ಚಿಕೊಂಡಳು. "ಸತ್ತು ಬದುಕಿದಾನೆ, ಇನ್ನೂ ಹುಚ್ಚು ಬಿಟ್ಟಿಲ್ಲ. ನೀವೇ ಬೇಡ ಅನ್ನಿ ಸಾರ್."

ಬೇಡ ಎನ್ನಲು ಪಿಂಕ್ನಿಯವರಿಗೆ ನಾಲಿಗೆ ಹೊರಳಲಿಲ್ಲ. "ಮೊದಲು ಓದು ಮುಗಿಸು ಮಗನೇ. ಓದು ಮುಗಿದವರಿಗೂ ಶಾಖೆ ಇದೆ. ಅಲ್ಲಿ ಸೇರಬಹುದು."

"ಅಲ್ಲಿ ನೀವಿರ್ತೀರಾ?" ರೋಂಡಾ ಕೇಳಿದಳು.

"ಇರ್ತೀನಮ್ಮ. ಆದ್ರೆ ಇದೂ ನಾನಿದ್ದಾಗ್ಲೇ ಆಗಿದ್ದು."

ಅವಳು ಮಗನ ತೋಳು ಹಿಡಿದು ಜನರ ನಡುವೆ ನಡೆದಳು. ಜಮಾರಿ ಒಮ್ಮೆ ತಿರುಗಿ ಕೈ ಎತ್ತಿದ. ಪಿಂಕ್ನಿ ಕಾರಿನ ಕಡೆ ಹೊರಟರು. ಕರಾವಳಿಯ ಶಾಖೆಗೆ ಬರುವ ವಸಂತದಲ್ಲಿ ಹೊಸ ಹುಡುಗರು ತುಂಬ ಜನ ಸೇರುವವರಿದ್ದರು. ಇವತ್ತೇ ಅಲ್ಲಿಗೂ ಹೇಳದೆ ಹೋಗಿಬರಬೇಕಿತ್ತು.