ಕ್ರೇನ್ ಬಿದ್ದ ಬೀದಿ

ಅಪ್ಪ ಅಮ್ಮ ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯವರ ಬಾಯಲ್ಲಿ ಅವನು ಕ್ರೇನ್. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಫ್ರಿಜ್ಜನ್ನು ಹಗ್ಗದಲ್ಲಿ ಬಿಗಿದು ಬೆನ್ನಿಗೇರಿಸಿಕೊಂಡು ಮೂರನೇ ಮಹಡಿಯಿಂದ ಒಬ್ಬನೇ ಇಳಿಸುತ್ತಿದ್ದ. ಗೋಡೆಗೆ ಒಂದು ಗೀರು ಬಿದ್ದರೂ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. ಮನೆಯವರು ಗಾಬರಿಯಿಂದ "ನಿಧಾನ, ನಿಧಾನ" ಎನ್ನುತ್ತ ಹಿಂದೆಯೇ ಇಳಿದು ಬಂದರೆ, "ನೀವು ಮೆಟ್ಟಿಲು ನೋಡ್ಕೊಂಡು ಇಳೀರಿ ಸಾರ್, ಫ್ರಿಜ್ ನಾನು ನೋಡ್ಕೋತೀನಿ" ಎನ್ನುತ್ತಿದ್ದ. ಮೇಲೊಂದು ಮೀಸೆ ಬೇರೆ. ಬೀದಿಯಲ್ಲಿ ಯಾರಾದರೂ ಜಗಳ ತೆಗೆದರೆ ಕ್ರೇನ್ ಹೋಗಿ ನಡುವೆ ನಿಲ್ಲುತ್ತಿದ್ದ, ಅಷ್ಟೆ. ಅವನು ಬಾಯಿ ತೆರೆಯುವ ಮೊದಲೇ ಜಗಳ ಮುಗಿದಿರುತ್ತಿತ್ತು.

ಇಂಥವನಿಗೂ ಒಂದು ಭಯವಿತ್ತು. ಹಾವಲ್ಲ, ಕತ್ತಲಲ್ಲ, ಹೆಂಡತಿಯೂ ಅಲ್ಲ. ಹೆಂಡತಿಯ ಮುಂದೆ ತನಗಿರುವುದು ಭಯವಲ್ಲ, ಗೌರವ ಎಂದು ಅವನೇ ಹೇಳುತ್ತಿದ್ದ. ಅವನು ಹೆದರುತ್ತಿದ್ದದ್ದು ಡಾಕ್ಟರ ಸೂಜಿಗೆ. ಮಗಳಿಗೆ ಚಿಕ್ಕಂದಿನಲ್ಲಿ ಚುಚ್ಚುಮದ್ದು ಹಾಕಿಸುವ ದಿನಗಳಲ್ಲೆಲ್ಲ, ಬೈಕು ಯಾರಾದರೂ ಕದ್ದುಬಿಟ್ಟಾರು ಎಂದು ಅವನು ಆಸ್ಪತ್ರೆಯ ಹೊರಗೇ ಕಾವಲು ನಿಂತಿರುತ್ತಿದ್ದ. ಆ ಬೈಕನ್ನು ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುತ್ತಿರಲಿಲ್ಲ.

ರೋಗ ಬಂತು. ಮನೆ ಬದಲಾಯಿಸುವವರಿಲ್ಲದೆ ಕ್ರೇನ್ ಹಗ್ಗ ಸುತ್ತಿಟ್ಟು ಕೂತ. ಆಮೇಲೆ ಲಸಿಕೆ ಬಂತೆಂದು ಸುದ್ದಿ ಬಂತು, ಲಸಿಕೆ ಬರಲಿಲ್ಲ. ಬೀದಿಯ ತುದಿಯಲ್ಲಿದ್ದ ಸಮುದಾಯ ಭವನದ ಗೇಟಿಗೆ "ಇಂದು ಸ್ಟಾಕ್ ಇಲ್ಲ" ಎಂಬ ಬೋರ್ಡು ಎಷ್ಟು ಕಾಲ ನೇತಾಡಿತೆಂದರೆ, ಹೊಸಬರು ಅದೇ ಭವನದ ಹೆಸರು ಅಂದುಕೊಳ್ಳಬೇಕು. ಜನ ಬೆಳಿಗ್ಗೆಯೇ ಬಂದು ಚಪ್ಪಲಿ ಬಿಟ್ಟು ಸರದಿ ಹಿಡಿದು ಹೋಗುತ್ತಿದ್ದರು. ಯಾರ ಚಪ್ಪಲಿ ಯಾರದಕ್ಕಿಂತ ಮುಂದಿತ್ತು ಎಂಬುದರ ಮೇಲೆ ಹಳೆಯ ಸ್ನೇಹಗಳೇ ಮುರಿದವು.

ಕೊನೆಗೊಂದು ದಿನ ನರ್ಸಮ್ಮ ಐಸ್ ಪೆಟ್ಟಿಗೆ ಹಿಡಿದು ವ್ಯಾನಿನಿಂದ ಇಳಿದರು. ಕ್ರೇನ್ ಅಮ್ಮನನ್ನು ಕರೆದುಕೊಂಡು ಹೊರಟ. ಅಮ್ಮನಿಗೆ ಮೊದಲಿನಿಂದಲೂ ಉಬ್ಬಸ. ಚಳಿಯಲ್ಲಿ ಅವಳ ಎದೆಯ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಈ ರೋಗ ತಗುಲಿದರೆ ಅವಳು ಉಳಿಯುವುದು ಕಷ್ಟ ಎಂದು ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರು. ಹಾಗಾಗಿ ಕ್ರೇನ್ ಹಲ್ಲು ಕಚ್ಚಿ, "ನಾನು ಮುಂದೆ ಹೋಗಿ ಹಾಕಿಸ್ಕೋತೀನಿ, ನೀನು ನನ್ನ ಹಿಂದೆ ಬಾ. ನಾನಿರುವಾಗ ನಿನಗೇನಮ್ಮ ಭಯ?" ಎಂದ. ಅಮ್ಮನಿಗೆ ಭಯ ಏನೂ ಇರಲಿಲ್ಲ. ಮಗನ ಸಮಾಧಾನಕ್ಕೆ ಹೂಂಗುಟ್ಟಿದಳು.

ನರ್ಸಮ್ಮ ಸೀಸೆಯಿಂದ ಮದ್ದು ಎಳೆದರು. ಸೂಜಿಯ ತುದಿಯಲ್ಲಿ ಒಂದು ಹನಿ ಹೊಳೆಯಿತು. ಅಂಗಿಯ ತೋಳು ಮಡಚುತ್ತಿದ್ದ ಕ್ರೇನ್ ಆ ಹನಿಯನ್ನು ನೋಡಿದ. ಅಲ್ಲಿಗೆ ಮುಗಿಯಿತು. ಕುರ್ಚಿ, ಮೇಜು, ಮೇಜಿನ ಮೇಲಿದ್ದ ಹತ್ತಿ, ಎಲ್ಲವನ್ನೂ ಜೊತೆಗೆ ಕರೆದುಕೊಂಡು ನೆಲಕ್ಕೆ ಉರುಳಿದ. ಸೂಜಿ ಅವನ ತೋಳನ್ನು ಮುಟ್ಟಿರಲೇ ಇಲ್ಲ. ನರ್ಸಮ್ಮನ ಕೈಯಲ್ಲಿ ಹಾಗೇ ಇತ್ತು.

ಆದರೆ ಹಿಂದೆ ಸಾಲಿನಲ್ಲಿ ನಿಂತವರಿಗೆ ಕಂಡದ್ದು ಕ್ರೇನಿನ ಬೆನ್ನು. ಆ ಬೆನ್ನು ಅಡ್ಡವಿದ್ದರೆ ಮತ್ತೇನೂ ಕಾಣುವುದಿಲ್ಲ. ಇಸ್ತ್ರಿ ಅಂಗಡಿಯವನು, ಬೀದಿಯ ಸುದ್ದಿಯನ್ನೆಲ್ಲ ಬಟ್ಟೆಯ ಜೊತೆಗೇ ಮಡಚಿ ಮನೆಮನೆಗೆ ತಲುಪಿಸುವವನು, ಕೂಗಿಯೇ ಬಿಟ್ಟ. "ಅಯ್ಯೋ! ಚುಚ್ಚಿದ್ದೇ ತಡ, ಕ್ರೇನೇ ಬಿದ್ದುಹೋದ!"

ಸಾಲು ಕಣ್ಣೆದುರೇ ಕರಗಿತು. "ಚುಚ್ಚೇ ಇಲ್ಲ ಕಣ್ರೀ!" ಎಂದು ನರ್ಸಮ್ಮ ಗಂಟಲು ಹರಿದುಕೊಂಡರೂ ಕೇಳುವವರಿರಲಿಲ್ಲ. ಫ್ರಿಜ್ ಹೊರುವವನೇ ಬಿದ್ದ ಮೇಲೆ, ಮಾರುಕಟ್ಟೆಯ ಚೀಲ ಹೊರಲು ಏದುಸಿರು ಬಿಡುವವರ ಗತಿಯೇನು? ಅಮ್ಮ ಕೈಯಲ್ಲಿದ್ದ ಟೋಕನ್ ಬಿಸಾಡಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಕ್ರೇನ್‌ಗೆ ಎಚ್ಚರವಾದಾಗ ಕಿವಿಗೆ ಬಿದ್ದ ಮೊದಲ ಮಾತು, "ಪಾಪ, ಮದ್ದಿನ ಪವರು ತಡ್ಕೊಳೋಕೆ ಆಗಿಲ್ಲ." ಸತ್ಯ ಹೇಳಲು ಅವನಿಗೆ ಅದೊಂದೇ ಗಳಿಗೆಯಿತ್ತು. ಅವನು ಮೀಸೆ ಸವರಿಕೊಂಡು ನರಳಿದ.

ಎರಡು ದಿನ ಹಾಸಿಗೆ ಹಿಡಿದ. ಬೀದಿಯವರು ಹಣ್ಣು, ಬಿಸ್ಕತ್ತು ಹಿಡಿದು ನೋಡಲು ಬಂದರು. ಮೊದಲು ಬಂದವರಿಗೆ "ಸ್ವಲ್ಪ ತಲೆ ಸುತ್ತಿತು" ಎಂದ. ಆಮೇಲೆ ಬಂದವರಿಗೆ "ಮೈಯೆಲ್ಲ ಕರೆಂಟ್ ಹೊಡೆದ ಹಾಗಾಯ್ತು" ಎಂದ. ಇಸ್ತ್ರಿ ಅಂಗಡಿಯವನು ಬರುವಷ್ಟರಲ್ಲಿ ಮದ್ದು ತೋಳಿನಿಂದ ಇಳಿದು, ಹೊಟ್ಟೆ ಸುತ್ತಿ, ಹೃದಯದ ಬಾಗಿಲು ತಟ್ಟಿ ವಾಪಸಾಗಿತ್ತು. "ಬೇರೆಯವರಾಗಿದ್ರೆ ಉಳೀತಿರಲಿಲ್ಲ" ಎಂದು ಅವನು ನಿಟ್ಟುಸಿರು ಬಿಟ್ಟ. ಕ್ರೇನ್ ವಿನಯದಿಂದ ತಲೆ ಬಾಗಿಸಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತ್ರ ಗಂಡನನ್ನು ನೋಡಿದ ನೋಟ ಬೇರೆ ಇತ್ತು. ಬಿಸ್ಕತ್ತುಗಳನ್ನು ಡಬ್ಬಿಗೆ ತುಂಬಿ ಒಳಗೆ ಹೋದಳು.

ಅತ್ತ ಸಮುದಾಯ ಭವನದಲ್ಲಿ ನರ್ಸಮ್ಮ ನೊಣ ಹೊಡೆಯುತ್ತ ಕೂತರು. ಮೊದಲು ಮದ್ದಿರಲಿಲ್ಲ, ಈಗ ತೋಳಿರಲಿಲ್ಲ. ಒಂದು ಸೀಸೆ ತೆರೆದರೆ ಹತ್ತು ಜನಕ್ಕೆ ಹಾಕಿ ಅವತ್ತೇ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಒಬ್ಬಿಬ್ಬರು ಧೈರ್ಯ ಮಾಡಿ ಬಂದರೆ, "ಇನ್ನಷ್ಟು ಜನ ಕೂಡಲಿ, ಕೂತಿರಿ" ಎನ್ನಬೇಕಾಗುತ್ತಿತ್ತು. ಕೂತವರು ಕ್ರೇನ್ ಬಿದ್ದ ಜಾಗವನ್ನೇ ನೋಡಿ ನೋಡಿ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಎದ್ದು ಹೋಗುತ್ತಿದ್ದರು. ಅಷ್ಟು ಹಾಲು ಆ ಬೀದಿಯಲ್ಲಿ ಹಿಂದೆಂದೂ ಉಕ್ಕಿರಲಿಲ್ಲ. ಮೇಲಿನ ಅಧಿಕಾರಿ ಫೋನಿನಲ್ಲಿ ಗದರಿಸಿದರು: ಎಲ್ಲ ಬೀದಿಗಳೂ ಮುಂದೆ ಹೋಗಿವೆ, ನಿಮ್ಮದು ತಳದಲ್ಲಿದೆ, ಈ ವಾರವೂ ಹೀಗೇ ಆದರೆ ಪೆಟ್ಟಿಗೆ ಬೇರೆ ಕಡೆ ಹೋಗುತ್ತೆ.

ನರ್ಸಮ್ಮ ನೇರವಾಗಿ ಕ್ರೇನಿನ ಮನೆಗೆ ಬಂದರು. ಹೊಸಿಲಾಚೆಯೇ ನಿಂತು, "ಅಣ್ಣಾ, ಹೀಗೇ ಆದ್ರೆ ಪೆಟ್ಟಿಗೆ ಬೇರೆ ಕಡೆ ಹೋಗುತ್ತೆ. ಒಂದು ಮಾತು ಹೇಳಿ ಸಾಕು. ಸೂಜಿ ನೋಡಿ ತಲೆ ಸುತ್ತಿತು ಅಂತ. ಎಷ್ಟೋ ಜನಕ್ಕೆ ಆಗುತ್ತೆ, ಅದರಲ್ಲಿ ನಾಚಿಕೆ ಏನಿದೆ?" ಎಂದರು.

"ಸೂಜಿ ನೋಡೀನಾ? ನಾನಾ?" ಕ್ರೇನ್ ನಗಲು ಯತ್ನಿಸಿದ. ನಗು ಬರಲಿಲ್ಲ.

"ನಿಮ್ಮ ಅಮ್ಮ ಬರಲ್ವಾ?"

ಒಳಗಿನಿಂದ ಅಮ್ಮನೇ ಉತ್ತರಿಸಿದಳು. "ಬೆಟ್ಟದಂಥ ಮಗ ಬಿದ್ದ. ನಾನು ಬಿದ್ರೆ ಏಳ್ತೀನೇನಮ್ಮ? ಬೇಡ, ಹೋಗ್ಬನ್ನಿ."

ಮರುದಿನ ಕ್ರೇನ್‌ಗೆ ಬಹುಕಾಲದ ಮೇಲೆ ಒಂದು ಕೆಲಸ ಸಿಕ್ಕಿತು, ಊರಿನ ಇನ್ನೊಂದು ತುದಿಯಲ್ಲಿ. ಗಂಡ ಹೆಂಡತಿ ಚಿಕ್ಕ ಮನೆಗೆ ಹೋಗುತ್ತಿದ್ದರು. ಕಪಾಟು, ಮಂಚ, ಪಾತ್ರೆಯ ಪೆಟ್ಟಿಗೆ ಎಲ್ಲ ಇಳಿಸಿದ್ದಾಯಿತು. ಕಿಟಕಿಯ ಬಳಿ ಒಂದು ಬೆತ್ತದ ಕುರ್ಚಿ ಉಳಿದಿತ್ತು, ಕೂತು ಕೂತು ನಡುವೆ ತಗ್ಗಾದದ್ದು. ಇದನ್ನೂ ಲಾರಿಗೆ ಹಾಕಲೇ ಎಂದು ಕೇಳಿದ. ಆ ಮನೆಯ ಯಜಮಾನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ.

"ಅಮ್ಮನದು. ಹೋದ ತಿಂಗಳು ತೀರಿಕೊಂಡ್ರು. ಅದೇ ರೋಗ."

"ಸೂಜಿ ಹಾಕಿಸಿರಲಿಲ್ವಾ ಸಾರ್?"

"ನಮ್ಮ ಕಡೆ ಸ್ಟಾಕೇ ಬಂದಿರಲಿಲ್ಲಪ್ಪ. ದಿನಾ ನನ್ನ ಕೈ ಹಿಡ್ಕೊಂಡು ಹೋಗಿ, ಬೋರ್ಡು ನೋಡಿ ವಾಪಸ್ ಬರೋರು. ಎಲ್ಲೆಲ್ಲೋ ಪೆಟ್ಟಿಗೆ ಹಾಗೇ ಬಿದ್ದಿದೆ, ಯಾರೂ ಹಾಕಿಸ್ಕೊಳ್ತಿಲ್ಲ ಅಂತ ಪೇಪರ್‌ನಲ್ಲಿ ಓದಿ ಬೈಕೊಳ್ತಿದ್ರು."

ಕ್ರೇನ್ ಕುರ್ಚಿ ಎತ್ತಿಕೊಂಡು ಇಳಿದ. ಮೆಟ್ಟಿಲ ತಿರುವಿನಲ್ಲಿ ಕೆಳಗಿಟ್ಟ. ಗಿರಾಕಿಯ ಸಾಮಾನಿನ ಮೇಲೆ ಕೂರಬಾರದು ಎಂಬುದು ಅವನ ಕಸುಬಿನ ಮೊದಲ ನಿಯಮ, ಅದನ್ನವನು ಎಂದೂ ಮುರಿದಿರಲಿಲ್ಲ. ಅವತ್ತು ಕೂತ. ಆ ಮನೆಯಲ್ಲಿ ಮಗ ಅಮ್ಮನ ಕೈ ಹಿಡಿದು ಇಲ್ಲದ ಮದ್ದಿಗೆ ಅಲೆದಿದ್ದ. ತಾನು ಇದ್ದ ಮದ್ದಿನಿಂದ ಅಮ್ಮನನ್ನು ಬಿಡಿಸಿ ಮನೆಗೆ ಕರೆತಂದಿದ್ದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮನೆಗೆ ಬಂದವನೇ ಬೂಟು ಕೂಡ ಬಿಚ್ಚದೆ ಹೇಳಿದ. "ಅಮ್ಮಾ, ನನಗೆ ಸೂಜಿ ತಾಗೇ ಇಲ್ಲ. ನೋಡಿದ್ದಕ್ಕೇ ಬಿದ್ದೆ. ನನಗೆ ಸೂಜಿ ಕಂಡ್ರೆ ಭಯ."

ಅಮ್ಮ ಮಗನ ಹಣೆ ಮುಟ್ಟಿ ನೋಡಿದಳು. "ಆ ನರ್ಸಮ್ಮ ಹೇಳಿಕೊಟ್ಟು ಹೋದಳೇನೋ? ನಿನಗೆ ಭಯವಂತೆ!"

ಹೆಂಡತಿಗೆ ಮಾತ್ರ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ನಿಜ ಅತ್ತೆ. ಆ ಡಕೋಟಾ ಬೈಕಿಗೆ ಅಷ್ಟು ವರ್ಷ ಕಾವಲು ಕಾದಾಗಲೇ ನನಗೆ ಗೊತ್ತಿತ್ತು."

ಅಮ್ಮ ನಂಬಲಿಲ್ಲ. ಬೀದಿಯೂ ನಂಬಲಿಲ್ಲ. ಕ್ರೇನ್ ಮನೆಮನೆಗೆ ಹೋಗಿ ತಾನು ಪುಕ್ಕಲ ಎಂದು ಹೇಳಿಕೊಂಡ. ಕೇಳಿದವರು ಅವನ ಭುಜ ನೋಡಿದರು, ಮೀಸೆ ನೋಡಿದರು, ಬಾಯಿಯ ಮಾತು ಗಾಳಿಗೆ ಬಿಟ್ಟರು. "ಮೇಲಿನಿಂದ ಒತ್ತಡ ಬಂದಿರಬೇಕು" ಎಂದು ಇಸ್ತ್ರಿ ಅಂಗಡಿಯವನು ಪಿಸುಗುಟ್ಟಿದ. ಸುಳ್ಳನ್ನು ಒಂದೇ ಏಟಿಗೆ ನಂಬಿದ ಬೀದಿ, ನಿಜಕ್ಕೆ ಸಾಕ್ಷಿ ಕೇಳಿತು.

"ಹಾಗಾದ್ರೆ ಇನ್ನೊಂದು ಸಲ ಬಿದ್ದು ತೋರಿಸಿ" ಎಂದಳು ಹೆಂಡತಿ. "ಎಲ್ಲರ ಮುಂದೆ. ಖಾಲಿ ಸೂಜಿ ನೋಡಿ."

ಇಬ್ಬರೂ ಭವನಕ್ಕೆ ಹೋಗಿ ಹೇಳಿದರೆ ನರ್ಸಮ್ಮನಿಗೆ ಇದು ಹಿಡಿಸಲಿಲ್ಲ. "ಇದೇನು ಸರ್ಕಸ್ಸಾ?"

"ಪೆಟ್ಟಿಗೆ ವಾಪಸ್ ಹೋಗೋದಕ್ಕಿಂತ ಸರ್ಕಸ್ಸೇ ವಾಸಿ ಅಲ್ವಾ ನರ್ಸಮ್ಮ?" ಎಂದಳು ಹೆಂಡತಿ.

ನರ್ಸಮ್ಮ ಯೋಚಿಸಿ, "ಹಾಸಿಗೆ ತನ್ನಿ" ಎಂದರು.

ಸಂಜೆ ಭವನದ ಅಂಗಳದಲ್ಲಿ ಬೀದಿಗೆ ಬೀದಿಯೇ ಸೇರಿತು. ಲಸಿಕೆ ಹಾಕಿಸಿಕೊಳ್ಳಲು ಯಾರಿಗೂ ಬಿಡುವಿರಲಿಲ್ಲ, ಕ್ರೇನ್ ಬೀಳುವುದನ್ನು ನೋಡಲು ಎಲ್ಲರಿಗೂ ಇತ್ತು. ಈ ಸಲ ಕುರ್ಚಿಯನ್ನು ಜನರಿಗೆ ಎದುರಾಗಿ ಹಾಕಿದರು. ಕಪಾಟುಗಳಿಗೆ ಒತ್ತು ಕೊಡಲು ಇಟ್ಟುಕೊಂಡಿದ್ದ ಹಳೆಯ ಹಾಸಿಗೆಗಳನ್ನು ಕ್ರೇನೇ ತಂದು ಪಕ್ಕದಲ್ಲಿ ಹರಡಿದ. ಮುಂದಿನ ಸಾಲಿನಲ್ಲಿ ಅಮ್ಮ ಮಾಸ್ಕ್ ಸರಿಮಾಡಿಕೊಳ್ಳುತ್ತ ಕೂತಳು. ಇಸ್ತ್ರಿ ಅಂಗಡಿಯವನು ತಾನೇ ಪರೀಕ್ಷಕನಾಗಿ ಬಂದು, ಸಿರಿಂಜು ಒತ್ತಿ, ಬರೀ ಗಾಳಿ ಎಂದು ಸಾರಿದ. ನೀನು ಮುಟ್ಟಿದ್ದು ಕೆಟ್ಟಿತು ಎಂದು ನರ್ಸಮ್ಮ ಅದನ್ನು ಬಿಸಾಡಿ ಹೊಸ ಸಿರಿಂಜಿನ ಪ್ಯಾಕೆಟ್ ಹಿಡಿದರು. ಅವನು ಅದನ್ನೂ ಬಗ್ಗಿ ನೋಡಲು ಕುರ್ಚಿಯ ಪಕ್ಕಕ್ಕೇ ಬಂದು ನಿಂತ.

ಕ್ರೇನ್ ಕಣ್ಣು ಮುಚ್ಚಿಕೊಂಡಿದ್ದ. ಹೊಸದೊಂದು ಭಯ ಅವನನ್ನು ಹಿಡಿದಿತ್ತು: ಬೀಳದೇ ಹೋದರೆ? ಇಷ್ಟು ಜನರ ಮುಂದೆ ಧೈರ್ಯ ಬಂದುಬಿಟ್ಟರೆ ಏನು ಗತಿ? ಇಷ್ಟು ವರ್ಷ ಯಾವುದನ್ನು ಮುಚ್ಚಿಟ್ಟಿದ್ದನೋ ಅದೇ ಈಗ ಕೈಕೊಟ್ಟರೆ ಅಮ್ಮ ಎಂದೂ ತೋಳು ಚಾಚುವುದಿಲ್ಲ. ದೇವರೇ, ಬೀಳಿಸಪ್ಪಾ ಎಂದು ಬೇಡಿಕೊಂಡ.

"ಕಣ್ಣು ಬಿಡೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಪ್ಯಾಕೆಟ್ ಚರ್ರನೆ ಹರಿಯಿತು. ಕ್ರೇನ್ ಕಣ್ಣು ಬಿಟ್ಟ. ನರ್ಸಮ್ಮ ಸೂಜಿಯ ಟೋಪಿ ತೆಗೆದರು.

ದೇವರು ದೊಡ್ಡವನು. ಕ್ರೇನ್ ಬೇರು ಸಮೇತ ಉರುಳಿದ. ಹಾಸಿಗೆಯ ಮೇಲೆಯೇ ಬಿದ್ದ, ಆದರೆ ಇಸ್ತ್ರಿ ಅಂಗಡಿಯವನು ನಡುವೆ ಸಿಕ್ಕಿಕೊಂಡ. ಜೀವಮಾನವೆಲ್ಲ ಇಸ್ತ್ರಿ ಮಾಡಿದವನು ಅವತ್ತು ತಾನೇ ಇಸ್ತ್ರಿಯಾದ. "ಖಾಲಿ! ಖಾಲೀನೇ ಇತ್ತು! ನಾನೇ ನೋಡಿದೀನಿ!" ಎಂಬ ಅವನ ಕೂಗು ಅಡಿಯಿಂದ ಬಂತು. ಬೀದಿಗೆ ಬೇಕಾಗಿದ್ದ ಸಾಕ್ಷಿ ಅದೇ.

ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಹೊಟ್ಟೆ ಹಿಡಿದುಕೊಂಡು ನಕ್ಕರು, ಮಾಸ್ಕಿನೊಳಗೆ ಕೆಮ್ಮಿಕೊಂಡು ನಕ್ಕರು. ನಗದಿದ್ದವಳು ಅಮ್ಮ ಒಬ್ಬಳೇ. ಅವಳು ಎದ್ದು ಬಂದು, ಉರುಳಿದ್ದ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಅದರಲ್ಲಿ ಕೂತು ತೋಳು ಸರಿಸಿದಳು.

"ಹಾಕಮ್ಮ. ಖಾಲಿ ಸೂಜಿಗೆ ಬೀಳೋ ಮಗನ್ನ ಹೆತ್ತು ಸಾಕಿದೀನಿ. ತುಂಬಿದ ಸೂಜಿ ನನಗೇನು ಮಾಡೀತು?"

ಅವಳ ಹಿಂದೆ ಸಾಲು ಬೆಳೆಯಿತು. ನರ್ಸಮ್ಮ ತಲೆ ಎಣಿಸಿ ಒಂದು ಸೀಸೆ ತೆರೆದರು, ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ತೆರೆದರು. ಅವತ್ತು ಯಾರ ಮನೆಯ ಹಾಲೂ ಉಕ್ಕಲಿಲ್ಲ.

ಕ್ರೇನ್‌ಗೆ ಎಚ್ಚರವಾದಾಗ ಅಮ್ಮ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಳು, ತೋಳಿಗೆ ಹತ್ತಿ ಒತ್ತಿಕೊಂಡು.

"ಹಾಕಿಸ್ಕೊಂಡ್ಯಾ?"

"ಹೂಂ. ಇರುವೆ ಕಚ್ಚಿದ ಹಾಗೆ, ಅಷ್ಟೆ. ನೀನೊಬ್ಬ ಬಾಕಿ."

ನರ್ಸಮ್ಮ ಹತ್ತಿರ ಬಂದು, "ಏನಣ್ಣ, ಹಾಕ್ಲಾ? ಇವತ್ತು ಬೇಡ ಅಂದ್ರೆ ಬೇಡ" ಎಂದರು.

"ಹಾಕಿ" ಎಂದ ಕ್ರೇನ್. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಅಮ್ಮ ತನ್ನ ಅಂಗೈಯಿಂದ ಮಗನ ಕಣ್ಣುಗಳನ್ನು ಮುಚ್ಚಿದಳು. ಅಷ್ಟು ದೊಡ್ಡ ಮುಖಕ್ಕೆ ಆ ಚಿಕ್ಕ ಕೈ ಹೇಗೋ ಸಾಕಾಯಿತು. ನರ್ಸಮ್ಮ ಆಯಿತು ಎಂದರು. ಅಮ್ಮ ಕೈ ತೆಗೆಯಲು ಹೋದಳು, ಆದರೆ ಅಂಗೈ ಒದ್ದೆಯಾಗಿತ್ತು. ಅವಳು ಕೈಯನ್ನು ಅಲ್ಲೇ ಒತ್ತಿ ಹಿಡಿದಳು.

"ಏಳಪ್ಪಾ ಕ್ರೇನ್, ಮುಗೀತು!" ಎಂದು ಸುತ್ತ ನಿಂತವರು ಕರೆದರು.

"ಸ್ವಲ್ಪ ಹೊತ್ತು ಬಿಡ್ರಪ್ಪ" ಎಂದಳು ಅಮ್ಮ. "ಇನ್ನೂ ತಲೆ ಸುತ್ತುತ್ತಂತೆ ಅವನಿಗೆ."