ಮುನಿಯಣ್ಣನ ಹೆಬ್ಬೆರಳು

ನಮ್ಮಣ್ಣ ಮುನಿಯಣ್ಣ ಕೈಗೆ ಏನು ಸಿಕ್ಕಿದರೂ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮಾವಿನಹಣ್ಣನ್ನು ಎಲ್ಲರೂ ಒತ್ತುತ್ತಾರೆ. ಅವನು ತಟ್ಟೆಯಲ್ಲಿದ್ದ ರಾಗಿಮುದ್ದೆಯನ್ನೂ ಒತ್ತಿ, "ಅಮ್ಮಾ, ಇವತ್ತು ಗಾಳಿ ಒಂಚೂರು ಜಾಸ್ತಿ ಆಯ್ತು" ಎನ್ನುತ್ತಿದ್ದ. ಅಮ್ಮ ಮುದ್ದೆಕೋಲು ಎತ್ತಿಕೊಂಡರೆ ತಟ್ಟೆ ಸಮೇತ ಜಗುಲಿಗೆ ಓಡುತ್ತಿದ್ದ.

ಮಾಲೂರಿನ ಸ್ಟೇಷನ್ ರಸ್ತೆಯಲ್ಲಿ ಅವನದು ಬಾಡಿಗೆ ಸೈಕಲ್ ಅಂಗಡಿ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಧ್ಯಾಹ್ನ ಅವನಿಗೆ ಊಟ ತೆಗೆದುಕೊಂಡು ಹೋದರೆ ಸಂಜೆಯವರೆಗೂ ಅಲ್ಲೇ ಇರುತ್ತಿದ್ದೆ. ಅಷ್ಟು ನಗು ಬೇರೆಲ್ಲೂ ಸಿಗುತ್ತಿರಲಿಲ್ಲ. ಸೈಕಲ್ ಕೇಳಲು ಬಂದವನ ಮೈಗಾತ್ರ ನೋಡಿ, ಯಾವ ದಾರಿಯೆಂದು ಕೇಳಿ, ಆಮೇಲೆಯೇ ಅವನು ಪಂಪು ಮುಟ್ಟುತ್ತಿದ್ದುದು. ಊರೊಳಗೆ ಸುತ್ತುವವನಿಗೆ ಗಟ್ಟಿಯಾಗಿ, ಟೇಕಲ್ ಕಡೆಯ ಜಲ್ಲಿ ರಸ್ತೆಗೆ ಸ್ವಲ್ಪ ಮೆತ್ತಗೆ.

"ಏನ್ಲಾ ವೆಂಕಟೇಶ, ಬೀಗರ ಊಟ ಮುಗಿಸ್ಕೊಂಡು ಬಂದ್ಯಾ? ಹಿಂದಿನ ಚಕ್ರ ನಿನ್ನ ನೋಡಿ ಅಳ್ತೈತೆ!"

"ಗಾಳಿ ಹಾಕಯ್ಯ, ಮಾತು ಕಮ್ಮಿ ಮಾಡು."

"ಮಾತಿಗೆ ಬಾಡಿಗೆ ಇಲ್ಲ ಕಣೋ, ತಗೊಂಡು ಹೋಗು."

ಆಮೇಲೆ ಎರಡನೇ ಮಹಾಯುದ್ಧ ಬಂತು. ರಬ್ಬರೆಲ್ಲ ದಂಡಿಗೆ ಹೋಗಿ ಹೊಸ ಟೈರು ಎಲ್ಲೂ ಸಿಗದಂತಾಯಿತು. ಸವೆದ ಟೈರಿಗೆ ಒಳಗಿನಿಂದ ತುಂಡು ಹೊಲಿದು, ಅದೂ ಹರಿದಾಗ ಒಂದೊಂದೇ ಸೈಕಲನ್ನು ಗೋಡೆಗೆ ಒರಗಿಸಿದ. ಆ ಸಮಯದಲ್ಲೇ ಊರಿನ ಮೈದಾನದಲ್ಲಿ ಸೈಕಲ್ ಪಂದ್ಯ ಇಟ್ಟರು. ಗೆದ್ದವನಿಗೆ ಒಂದು ಜೊತೆ ಹೊಸ ಟೈರು. ಅಂಗಡಿ ಉಳಿಯಬೇಕಾದರೆ ಅದು ಬೇಕೇ ಬೇಕಿತ್ತು.

ಪಂದ್ಯವೆಂದರೆ ಚಕ್ರ ಕಲ್ಲಿನಂತಿರಬೇಕು ಎಂದು ಉಳಿದವರೆಲ್ಲ ಗಾಳಿ ತುಂಬುತ್ತಿದ್ದರು. ಅಣ್ಣ ಬರಿಗಾಲಲ್ಲಿ ಮೈದಾನವನ್ನು ಒಂದು ಸುತ್ತು ನಡೆದು ಬಂದು, ಇದ್ದ ಗಾಳಿಯನ್ನೂ ಬಿಡತೊಡಗಿದ.

"ಬೀದಿಗೊಂದು ಗಾಳಿ, ಬಯಲಿಗೊಂದು ಗಾಳಿ ಕಣೇ ನಂಜೀ. ನೆಟ್ಟಗೆ ಹೋಗೋಕೆ ಗಟ್ಟಿ ಇದ್ರೆ ಚೆಂದ. ಇಲ್ಲಿ ತಿರುವಿನಾಗೆ ಮರಳೈತೆ. ಚಕ್ರ ಒಂಚೂರು ಅಗಲವಾಗಿ ಕೂತ್ರೆ ನೆಲ ಹಿಡ್ಕೊಳ್ತದೆ."

ಕೋಲಾರದಿಂದ ಬಂದಿದ್ದ ಸವಾರನೊಬ್ಬ ಕೂಗಿದ: "ಏಮಯ್ಯಾ, ಪಂಚರ್ ಚಕ್ರದಾಗೆ ರೇಸಾ? ಹಿಂದಿನಿಂದ ತಳ್ಳೋಕೆ ತಂಗೀನ ಕರ್ಕೊಂಡು ಬಂದ್ಯಾ?"

ಜನ ನಕ್ಕರು. ಅಣ್ಣನೂ ಅವರ ಜೊತೆ ನಕ್ಕ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅಣ್ಣ ಪಂದ್ಯಕ್ಕೆ ಹೆಸರು ಕೊಡಲು ಹೋದ. ನಾನು ಪಂಪು ತೆಗೆದುಕೊಂಡು ಎರಡೂ ಚಕ್ರಕ್ಕೆ ತೋಳು ಸೋಲುವ ತನಕ ಗಾಳಿ ಹೊಡೆದೆ. ಅವನು ಬರುವಷ್ಟರಲ್ಲಿ ಸೀಟಿ ಊದಿದರು. ಚಕ್ರ ನೋಡದೆ ಹತ್ತಿ ಹೊರಟ.

ನೇರ ದಾರಿಯಲ್ಲಿ ಅವನೇ ಮುಂದೆ. ನಾನು ಕುಣಿದೆ. ಮೊದಲ ತಿರುವಿನಲ್ಲಿ ಸೈಕಲ್ ಜಾರಿ, ಅಣ್ಣ ಮರಳಿನ ಮೇಲೆ ಉರುಳಿ ಹೋದ. ಮೊಣಕೈ ತರಚಿಕೊಂಡು ಎದ್ದು, "ಭೂಮಿ ಗಟ್ಟಿಯಾಗೈತಾ ಅಂತ ನೋಡ್ದೆ ಕಣ್ರಪ್ಪಾ!" ಎಂದ. ಎಲ್ಲರೂ ನಕ್ಕು ಚದುರಿದ ಮೇಲೆ ಚಕ್ರ ಒತ್ತಿ ನೋಡಿದ. ಇನ್ನೊಂದು ಸಲ ಒತ್ತಿದ.

"ಗಾಳಿ ಬಿಟ್ಟೆ ಅಂದ್ಕೊಂಡೆ. ಬಿಟ್ಟೇ ಇಲ್ಲ ನೋಡು. ನನ್ ಬೆರಳಿಗೆ ಗೊತ್ತೇ ಆಗ್ಲಿಲ್ಲ."

ನಾನು ಪಂಪನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಅಂಗಡಿ ಹೇಗೋ ಕುಂಟುತ್ತ ನಡೆಯಿತು. ಅಣ್ಣನ ತಮಾಷೆಯೂ ನಿಲ್ಲಲಿಲ್ಲ. ಆದರೆ ಗಾಳಿ ಹಾಕಿದ ಮೇಲೆ, "ನೀನೇ ಒಂದ್ಸಲ ಒತ್ತಿ ನೋಡಪ್ಪ" ಎಂದು ಗಿರಾಕಿಯನ್ನೇ ಕೇಳತೊಡಗಿದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಊಟದ ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದೆ. ಬೈಗುಳಕ್ಕೆ ಹೆದರಿದ್ದೆ ಎಂದರೆ ಸುಳ್ಳಾಗುತ್ತದೆ, ಅವನು ನನ್ನನ್ನು ಯಾವತ್ತೂ ಬೈದವನಲ್ಲ. ಅವನ ಕಣ್ಣಲ್ಲಿ ಚಿಕ್ಕವಳಾಗುತ್ತೇನೆಂದು ಸುಮ್ಮನಿದ್ದೆ. ಎರಡು ವರ್ಷ ಹಾಗೇ ಕಳೆದವು.

ಮದುವೆಯಾಗಿ ಗಂಡನ ಜೊತೆ ಹೊರಟ ದಿನ ಅಣ್ಣ ಸ್ಟೇಷನ್ನಿಗೆ ಸೈಕಲ್ಲಿನಲ್ಲೇ ಬಂದ. ಕಿಟಕಿಯ ಬಳಿ ನಿಂತು ನಮ್ಮ ಯಜಮಾನರಿಗೆ, "ಭಾವಾ, ಇವಳು ಮುದ್ದೆ ಮಾಡಿದ್ರೆ ಒತ್ತಿ ನೋಡಿ ತಿನ್ನಿ, ಹಲ್ಲು ಜೋಪಾನ" ಎಂದು ನಗಿಸುತ್ತಿದ್ದ. ನಾನು ಗಾಡಿ ಅಲುಗುವ ತನಕ ಕಾದೆ. ಆಗಲೂ ಅಷ್ಟೇ ಧೈರ್ಯ ನನಗೆ.

"ಅಣ್ಣಾ, ಆವತ್ತು ಪಂದ್ಯದಾಗೆ ಚಕ್ರಕ್ಕೆ ಗಾಳಿ ಹೊಡೆದಿದ್ದು ನಾನು. ನೀನು ಸರಿಯಾಗೇ ಬಿಟ್ಟಿದ್ದೆ."

ಅವನು ನಿಂತಲ್ಲೇ ನಿಂತ. ಗಾಡಿ ಮುಂದೆ ಸರಿಯಿತು. ಅವನ ಮುಖ ನೋಡಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಆ ಮಳೆಗಾಲದಲ್ಲಿ ಜ್ವರ ಬಂದು ಅಣ್ಣ ಹೋಗಿಬಿಟ್ಟ. ರೈಲು ಹತ್ತಿದ ಆ ದಿನದ ಮೇಲೆ ನಾನು ಅವನನ್ನು ಮತ್ತೆ ನೋಡಲಿಲ್ಲ. ಒಂದು ಮಾತಿಗೆ ಅಷ್ಟು ಹಿಗ್ಗುವವನನ್ನು ಎರಡು ವರ್ಷ ಆ ಮಾತಿಲ್ಲದೆ ಇಟ್ಟೆನಲ್ಲ ಎಂಬುದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಯಾಕೆಂದರೆ ಆವತ್ತು ರೈಲು ಹೊರಟ ಸ್ವಲ್ಪ ಹೊತ್ತಿಗೆ, ನಾನಿನ್ನೂ ಮುಖ ಮುಚ್ಚಿಕೊಂಡಿದ್ದಾಗ, ಯಜಮಾನರು, "ನಿಮ್ಮಣ್ಣನಿಗೆ ಏನಾಯ್ತೇ? ಅಲ್ಲಿ ನೋಡು" ಎಂದರು. ಸೆರಗು ಸರಿಸಿ ನೋಡಿದೆ. ರೈಲಿನ ಪಕ್ಕದ ಎತ್ತಿನಗಾಡಿ ದಾರಿಯಲ್ಲಿ ಅಣ್ಣ ಎದ್ದು ನಿಂತು ಪೆಡಲ್ ತುಳಿಯುತ್ತಿದ್ದ. ಒಂದು ಕೈ ಮೇಲೆತ್ತಿ, ಕಿಟಕಿ ಕಿಟಕಿಗೂ ಕೂಗುತ್ತಿದ್ದ: "ಕತ್ತೇ ನಂಜೀ! ನನ್ ಬೆರಳು ಸರಿಯಾಗೇ ಇತ್ತು! ಕೇಳಿದ್ರೇನ್ರಪ್ಪೋ, ಸರಿಯಾಗೇ ಇತ್ತು!" ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ಅವನನ್ನೇ ನೋಡಿದರು. ಅವರಿಗೂ ಕೂಗಿ ಹೇಳಿದ.