ಅಂಟುವಾಳದ ನೀರು, ಏಳು ಮೀನು

ಕಳೆದ ಭಾನುವಾರ ನಾನು ಏಳು ಜೀವ ತೆಗೆದೆ. ಪರಿಸರ ಉಳಿಸುವ ಉತ್ಸಾಹದಲ್ಲಿ!

ನಂಜನಗೂಡಿನ ನಮ್ಮ ಮನೆಯಲ್ಲಿ ಈಗ ಡಿಟರ್ಜೆಂಟ್ ಇಲ್ಲ. ಅಂಟುವಾಳದ ಕಾಯಿ ನೆನೆಹಾಕಿ, ಕುದಿಸಿ, ಆ ನೊರೆಯಲ್ಲೇ ಬಟ್ಟೆ ಒಗೆಯುತ್ತೇನೆ. (ಸಿಕ್ಕವರಿಗೆಲ್ಲ ಉಪದೇಶವನ್ನೂ ಮಾಡುತ್ತೇನೆ.) ಅಂದು ಅರ್ಧ ಬಕೆಟ್ ಗಟ್ಟಿ ನೀರು ಉಳಿಯಿತು. ಚರಂಡಿಗೇಕೆ? ನ್ಯಾಚುರಲ್ ತಾನೇ? ಕೆಳಮನೆಯ ಮಹದೇವಮ್ಮನ ತಾವರೆ ತೊಟ್ಟಿಗೆ ಸುರಿದೆ. ಅದರಲ್ಲಿ ಮೀನುಗಳಿದ್ದದ್ದು ನನಗೆ ಗೊತ್ತಿತ್ತು.

ಊಟದ ಹೊತ್ತಿಗೆ ಕೆಳಗಿನಿಂದ ಕೂಗು. ಓಡಿದೆ. ಏಳೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಏನ್ ಸುರುದ್ರಿ ಮೇಡಮ್ಮೋರೆ?"

"ಅಂಟುವಾಳದ ನೀರು..."

ಆಕೆ ತಲೆಯ ಮೇಲೆ ಕೈಯಿಟ್ಟು ಕೂತರು. "ಅಯ್ಯೋ, ತಗಡೂರ್ ಕಡೆ ನಮ್ ತಾತ ಆ ಕಾಯ್ನೇ ಜಜ್ಜಿ ಗುಂಡಿಗಾಕಿ ಮೀನ್ ಇಡೀತಿದ್ದ ಕಣವ್ವಾ! ಇವು ನಮ್ಮೆಜಮಾನ್ರು ಸಾಯೋಕ್ ಮುಂಚೆ ತಂದ್ ಬುಟ್ಟಿದ್ವು."

 

ಮೇಲೆ ಬಂದವಳೇ ತಿ. ನರಸೀಪುರದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಗೆಳತಿಗೆ ಫೋನ್ ಮಾಡಿದೆ. ಸಮಾಧಾನ ಬೇಕಿತ್ತು. ಸಿಕ್ಕಿದ್ದು ಪಾಠ.

"ಲಿಚಿ ತಿಂತೀಯಲ್ಲ, ಅದೂ ಅಂಟುವಾಳದ ಕುಟುಂಬದ್ದೇ ಕಣೆ. ಹೆಚ್ಚಿನವಕ್ಕೆ ಗರಿಯ ಹಾಗೆ ಜೋಡಿಸಿದ ಎಲೆ, ಗೊಂಚಲಲ್ಲಿ ಚಿಕ್ಕ ಚಿಕ್ಕ ಹೂ. ಎಲೆ, ಬೇರು, ಬೀಜ ಅಂತ ಎಲ್ಲಾದರೂ ಸ್ಯಾಪೋನಿನ್ ಇಟ್ಟುಕೊಂಡಿರುತ್ತವೆ. ನೊರೆ ಬರೋದು ಅದರಿಂದಲೇ. ಅಂಟುವಾಳಕ್ಕಂತೂ ಕಾಯಿಯ ತಿರುಳಿನ ತುಂಬ."

"ನಮಗೇನೂ ಆಗಲ್ಲವಲ್ಲೇ?"

"ನಿನಗೆ ಕಿವಿರು ಇದೆಯಾ? ಮೀನಿಗಿದೆ. ಅಲ್ಲಿ ತಾಗಿದರೆ ಉಸಿರಾಟ ಕೆಡುತ್ತೆ. ಹುಳಹುಪ್ಪಟೆ ತಿನ್ನದಿರಲಿ ಅಂತ ಮರ ಮಾಡಿಕೊಂಡ ವ್ಯವಸ್ಥೆ ಅದು. ನಿನ್ನ ಕಾಟನ್ ಸೀರೆಗೋಸ್ಕರ ಅಲ್ಲ."

ಮರುದಿನ ಬಸ್ ಹತ್ತಿ ನರಸೀಪುರಕ್ಕೆ ಹೋಗಿ, ಅವಳಿಗೆ ಗೊತ್ತಿದ್ದವರಿಂದ ಏಳು ಮರಿ ಮೀನು ತಂದೆ. ಅಷ್ಟರಲ್ಲಿ ಮಹದೇವಮ್ಮ ತೊಟ್ಟಿ ಉಜ್ಜಿ ಹೊಸ ನೀರು ತುಂಬಿಸಿದ್ದರು. ಬೈಯಲಿಲ್ಲ. ಕವರ್ ಬಿಚ್ಚಿ ಮರಿಗಳನ್ನು ಮೆಲ್ಲಗೆ ಬಿಟ್ಟರು.

"ಚೆನ್ನಾಗವೆ," ಎಂದರು. ಸ್ವಲ್ಪ ಹೊತ್ತು ನೋಡಿ, "ಅವು ನನ್ ಕೈ ಕಂಡ್ರೆ ಮ್ಯಾಲಕ್ ಬರ್ತಿದ್ವು," ಎಂದು ಒಳಗೆ ಹೋದರು.

ಈಗ ಅಂಗಡಿಯಲ್ಲಿ ಯಾವುದೇ ಬಾಟಲಿಯ ಮೇಲೆ 'ನೈಸರ್ಗಿಕ, ನಿರಪಾಯಕಾರಿ' ಎಂದು ಕಂಡರೆ ನಿಂತುಬಿಡುತ್ತೇನೆ. ನಿರಪಾಯ ಸರಿ, ಆದರೆ ಯಾರಿಗೆ?